ತಪ್ಪಿದ ಚಿತ್ರದ ಸಾಕ್ಷ್ಯ: ಬಾಗಲಕೋಟೆ ಸೀಮೆಯಲ್ಲಿ ವನ್ಯಜೀವಿ ಛಾಯಾಗ್ರಹಣ ಮತ್ತು ಫೋಕಸಿನ ಚಾಂಚಲ್ಯ

ವನ್ಯಜೀವಿಗಳ ಚಿತ್ರ ತೆಗೆಯುವ ಹವ್ಯಾಸಕ್ಕೆ ಬಿದ್ದವರು ಒಂದೆಡೆ ಕೂಡಿದಾಗ ಅವರ ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಬಹುಮಟ್ಟಿಗೆ ಒಂದೇ ದೂರಿನಲ್ಲಿ: ಕ್ಯಾಮೆರಾ ಅದೇ, ಲೆನ್ಸು ಅದೇ, ಕುಳಿತ ಜಾಗವೂ ಅದೇ ಆಗಿದ್ದು, ಒಂದು ಚಿತ್ರದಲ್ಲಿ ಹಕ್ಕಿಯ ಕಣ್ಣಿನ ಸುತ್ತಣ ಸಣ್ಣ ಗರಿಗಳನ್ನು ಎಣಿಸಬಹುದಾದಷ್ಟು ಸ್ಫುಟತೆ ಇದ್ದರೆ, ಮರುಕ್ಷಣವೇ ತೆಗೆದ ಇನ್ನೊಂದರಲ್ಲಿ ಅದೇ ಹಕ್ಕಿ ಗುರುತು ಸಿಗದಷ್ಟು ಮಸುಕಾಗಿರುತ್ತದೆ. "ಫೋಕಸ್ ನಿಲ್ಲವಲ್ತು" ಎಂದು ಬಾಗಲಕೋಟೆಯ ಕಡೆಯವರು ಆಡಿಕೊಳ್ಳುವ ಈ ತೊಂದರೆ, ಯಂತ್ರವು ಪೂರ್ತಿಯಾಗಿ ಕೆಟ್ಟುಹೋಗುವುದಕ್ಕಿಂತಲೂ ಹೆಚ್ಚಿನ ಕ್ಲೇಶವನ್ನು ಕೊಡತಕ್ಕದ್ದು. ಏಕೆಂದರೆ ಸದಾ ತಪ್ಪುವ ಯಂತ್ರವನ್ನು ದುರಸ್ತಿಗೆ ಕೊಟ್ಟು ನಿಶ್ಚಿಂತರಾಗಬಹುದು, ಒಮ್ಮೆ ಸರಿಯಿದ್ದು ಒಮ್ಮೆ ತಪ್ಪುವ ಯಂತ್ರದ ವಿಷಯದಲ್ಲಿ ದೋಷ ಯಂತ್ರದ್ದೋ, ತನ್ನದೋ, ಎದುರಿಗಿದ್ದ ಪ್ರಾಣಿಯದೋ ಎಂಬುದನ್ನೇ ನಿರ್ಣಯಿಸಲಾರದೆ, ಕೊನೆಗೆ ಹಣ ಸುರಿದು ಹೊಸ ಲೆನ್ಸು ಕೊಳ್ಳುವ ದುಡುಕಿಗೆ ಮನುಷ್ಯನು ಒಳಗಾಗುವುದುಂಟು.

ಫೋಕಸಿನ ಚಾಂಚಲ್ಯವು ಒಂದೇ ರೋಗವಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕಾರು ಕಾರಣಗಳು ಹೊರನೋಟಕ್ಕೆ ಒಂದೇ ಬಗೆಯ ಮಸುಕನ್ನು ಉಂಟುಮಾಡುತ್ತವಾದರೂ, ಸಮೀಪದಿಂದ ಪರೀಕ್ಷಿಸಿದಾಗ ಪ್ರತಿಯೊಂದು ಕಾರಣವೂ ಚಿತ್ರದಲ್ಲಿ ತನ್ನದೇ ಆದ ಗುರುತನ್ನು ಬಿಟ್ಟುಹೋಗಿರುತ್ತದೆ. ಆದುದರಿಂದ ಮಸುಕಾದ ಚಿತ್ರಗಳನ್ನು ಸ್ಥಳದಲ್ಲಿಯೇ ಅಳಿಸಿಹಾಕುವ ಅಭ್ಯಾಸವನ್ನು ಮೊದಲು ಬಿಡತಕ್ಕದ್ದು. ಬಾಗಲಕೋಟೆ ಜಿಲ್ಲೆ ಈ ಪರೀಕ್ಷೆಗೆ ಹೇಳಿಮಾಡಿಸಿದ ನೆಲ. ಹಿನ್ನೀರಿನ ಕೆಸರುದಂಡೆ, ಎರೆಮಣ್ಣಿನ ಬಯಲು, ಕೆಂಪು ಮರಳುಗಲ್ಲಿನ ಬೆಟ್ಟ, ಗ್ರಾನೈಟಿನ ಕಲ್ಲುಗಣಿ, ಈ ನಾಲ್ಕೂ ಒಂದೇ ದಿನದ ತಿರುಗಾಟದ ಅಳವಿನೊಳಗೆ ಇಲ್ಲಿ ದೊರೆಯುವುದಲ್ಲದೆ, ಅವುಗಳಲ್ಲಿ ಒಂದೊಂದೂ ಫೋಕಸನ್ನು ಕೆಡಿಸುವ ಒಂದೊಂದು ಕಾರಣವನ್ನು ಎತ್ತಿ ತೋರಿಸುತ್ತದೆ.

ಯಂತ್ರ ಕಾಣುವ ಬಗೆ

1985ರಲ್ಲಿ ಮಿನೋಲ್ಟಾ ಕಂಪನಿಯ 7000 ಎಂಬ ಮಾದರಿಯು ದೂರವನ್ನು ಅಳೆಯುವ ಸಾಧನವನ್ನೂ ಲೆನ್ಸನ್ನು ತಿರುಗಿಸುವ ಮೋಟಾರನ್ನೂ ಕ್ಯಾಮೆರಾದ ಒಡಲಲ್ಲಿಯೇ ಅಳವಡಿಸಿಕೊಂಡು ಜನಪ್ರಿಯವಾದಂದಿನಿಂದ, ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳೆಲ್ಲವೂ ಬಹುಮಟ್ಟಿಗೆ ಒಂದೇ ತತ್ತ್ವವನ್ನು ಅನುಸರಿಸಿದುವು. ಲೆನ್ಸಿನ ಒಂದು ಅಂಚಿನಿಂದ ಬಂದ ಬೆಳಕು ಮತ್ತು ಎದುರು ಅಂಚಿನಿಂದ ಬಂದ ಬೆಳಕು ಬೇರೆಬೇರೆಯಾಗಿ ಎರಡು ಕಿರುಬಿಂಬಗಳನ್ನು ಮೂಡಿಸುತ್ತವೆ. ಆ ಬಿಂಬಗಳ ನಡುವಣ ಅಂತರವನ್ನು ಅಳೆದು, ಲೆನ್ಸನ್ನು ಯಾವ ದಿಕ್ಕಿಗೆ ಎಷ್ಟು ಸರಿಸಬೇಕೆಂಬುದನ್ನು ಯಂತ್ರವು ಲೆಕ್ಕಹಾಕುತ್ತದೆ. ಫೇಸ್ ಡಿಟೆಕ್ಷನ್ ಎನಿಸಿಕೊಳ್ಳುವ ಈ ಅಳತೆ ಎಸ್‌ಎಲ್‌ಆರ್‌ಗಳಲ್ಲಿ ಕ್ಯಾಮೆರಾದ ತಳದಲ್ಲಿರುವ ಪ್ರತ್ಯೇಕ ಸಾಧನದಲ್ಲಿ ನಡೆಯುತ್ತಿದ್ದರೆ, ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಚಿತ್ರವನ್ನು ದಾಖಲಿಸುವ ಸೆನ್ಸಾರಿನ ಮೇಲೆಯೇ ನಡೆಯುತ್ತದೆ. ಅದರ ಜೊತೆಗೆ 2019ರಿಂದೀಚೆಗೆ ಸೋನಿ, ಕ್ಯಾನನ್, ನಿಕಾನ್ ಮೊದಲಾದವರ ಕ್ಯಾಮೆರಾಗಳು ಪ್ರಾಣಿಪಕ್ಷಿಗಳ ಕಣ್ಣನ್ನು ಗುರುತಿಸುವ ಸಾಮರ್ಥ್ಯವನ್ನೂ ಒಂದೊಂದಾಗಿ ಪಡೆದುಕೊಂಡುವು.

ಹಳೆಯದಿರಲಿ ಹೊಸದಿರಲಿ, ಯಂತ್ರಕ್ಕೆ ಬೇಕಾದ ಅನುಕೂಲಗಳು ನಾಲ್ಕೇ. ಅಳೆಯಲು ಕಪ್ಪುಬಿಳುಪಿನ ವ್ಯತ್ಯಾಸವುಳ್ಳ ಒಂದು ಅಂಚಿರಬೇಕು. ಆ ಅಂಚು ಕಾಣುವಷ್ಟು ಬೆಳಕಿರಬೇಕು. ಫೋಕಸಿನ ಚೌಕದೊಳಗೆ ಒಂದೇ ದೂರದ ಒಂದೇ ವಸ್ತುವಿರಬೇಕು. ವಸ್ತುವಿಗೂ ಲೆನ್ಸಿಗೂ ನಡುವಣ ಗಾಳಿ ಅಲುಗಾಡದಂತಿರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಅತ್ಯಂತ ಬೆಲೆಬಾಳುವ ಕ್ಯಾಮೆರಾ ಕೂಡ ತಡವರಿಸುವುದು ಸಹಜ.

ಮಸುಕನ್ನು ಓದುವ ಕ್ರಮ

ಮನೆಗೆ ಬಂದು ಚಿತ್ರಗಳನ್ನು ಗಣಕಯಂತ್ರದ ಪರದೆಯ ಮೇಲೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುವಾಗ ಪ್ರಾಣಿಯನ್ನಲ್ಲ, ಪ್ರಾಣಿಯ ಹಿಂದುಮುಂದಿನ ನೆಲವನ್ನು ನೋಡಬೇಕು. ಪ್ರಾಣಿ ಮಸುಕಾಗಿದ್ದು, ಅದರ ಮುಂದಣ ಹುಲ್ಲೋ ಹಿಂದಣ ಕಲ್ಲೋ ಸ್ಫುಟವಾಗಿದ್ದರೆ, ಯಂತ್ರವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಆದರೆ ಬೇರೊಂದು ವಸ್ತುವಿನ ಮೇಲೆ ಮಾಡಿದೆ ಎಂದು ತಿಳಿಯಬೇಕು. ಇದು ಆಯ್ಕೆಯ ದೋಷ. ನಿಶ್ಚಲವಾದ ವಸ್ತುಗಳಲ್ಲಿಯೂ ಫೋಕಸು ಪ್ರತಿಸಲವೂ ಮುಂದಕ್ಕೇ ಅಥವಾ ಪ್ರತಿಸಲವೂ ಹಿಂದಕ್ಕೇ ಬೀಳುತ್ತಿದ್ದರೆ ಅದು ಕ್ಯಾಮೆರಾ ಮತ್ತು ಲೆನ್ಸಿನ ಹೊಂದಾಣಿಕೆಯ ದೋಷ. ಒಂದೇ ಉಸಿರಿಗೆ ತೆಗೆದ ಸಾಲುಚಿತ್ರಗಳಲ್ಲಿ ಮೊದಲಿನವು ಕೆಟ್ಟು ಅನಂತರದವು ಸರಿಹೋಗಿದ್ದರೆ, ಅಥವಾ ನಡುವೆ ಒಂದೆರಡು ಮಾತ್ರ ಹಾದಿ ತಪ್ಪಿದ್ದರೆ, ಅದು ಬೆಂಬತ್ತುವ ಕ್ರಮದ ದೋಷ. ಮುಂದೆ, ಹಿಂದೆ, ನಡುವೆ ಎಲ್ಲಿಯೂ ಸ್ಫುಟವಾದ ಒಂದು ಗೆರೆಯೂ ಕಾಣದಿದ್ದರೆ ಅದು ಫೋಕಸಿನ ದೋಷವೇ ಅಲ್ಲದಿರುವ ಸಂಭವ ಹೆಚ್ಚು: ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ, ರೆಕ್ಕೆಯ ತುದಿ ಮಾತ್ರ ಎಳೆದಂತಿದ್ದರೆ ಷಟರ್ ನಿಧಾನವಾಗಿದೆ, ಅಂಚುಗಳು ಕರಗಿ ಅಂಕುಡೊಂಕಾಗಿದ್ದರೆ ಗಾಳಿ ಕುದಿದಿದೆ.

ನಿಕಾನಿನ ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನಿನ ಡಿಜಿಟಲ್ ಫೋಟೋ ಪ್ರೊಫೆಷನಲ್ ಎಂಬ ತಂತ್ರಾಂಶಗಳು ಚಿತ್ರ ತೆಗೆದ ಕ್ಷಣದಲ್ಲಿ ಫೋಕಸಿನ ಚೌಕ ಎಲ್ಲಿತ್ತೆಂಬುದನ್ನು ಚಿತ್ರದ ಮೇಲೆಯೇ ತೋರಿಸುವುದರಿಂದ, ಮೇಲೆ ಹೇಳಿದ ನಿರ್ಣಯಕ್ಕೆ ಅವುಗಳ ಸಾಕ್ಷ್ಯವನ್ನೂ ಪಡೆಯಬಹುದಾಗಿದೆ. ಚೌಕವು ಕಣ್ಣಿನ ಮೇಲಿದ್ದು ಕಣ್ಣು ಮಸುಕಾಗಿದ್ದರೆ ಒಂದು ಅರ್ಥ; ಚೌಕವೇ ಹುಲ್ಲಿನ ಮೇಲಿದ್ದರೆ ಇನ್ನೊಂದು ಅರ್ಥ.

ಬಾಗಲಕೋಟೆ: ಕುದಿವ ಗಾಳಿ

ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದೊಳಕ್ಕೆ ಹಿಂದೊತ್ತಿ ಬಂದು, ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ತನ್ನೊಳಗೆ ಸೇರಿಸಿಕೊಂಡು, ನವನಗರದ ನಿರ್ಮಾಣಕ್ಕೆ ಕಾರಣವಾದುದು ಈ ಸೀಮೆಯವರೆಲ್ಲರೂ ಬಲ್ಲ ಸಂಗತಿ. ಮಳೆಗಾಲದಲ್ಲಿ 519.60 ಮೀಟರಿನ ಪೂರ್ಣಮಟ್ಟಕ್ಕೆ ಏರುವ ಈ ಜಲರಾಶಿ, ಚಳಿಗಾಲ ಕಳೆದು ಬೇಸಗೆ ಕಾಲಿಡುತ್ತಿದ್ದಂತೆ ಇಳಿಯತೊಡಗಿ, ಮೈಲಿಗಟ್ಟಲೆ ಕೆಸರುದಂಡೆಯನ್ನು ತೆರೆದಿಡುತ್ತದೆ. ಆ ತೆಳುನೀರಿನಲ್ಲಿ ಮೇಯುವ ರಾಜಹಂಸಗಳನ್ನೂ, ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನೂ, ನೀರಿಗೆ ಎರಗುವ ರೀವಗಳನ್ನೂ ಅರಸಿ ಕ್ಯಾಮೆರಾ ಹಿಡಿದವರು ದಂಡೆಗೆ ಬರುತ್ತಾರೆ. ದಂಡೆಯಿಂದ ಹಕ್ಕಿಗಳಿರುವ ದೂರವೋ ಸಾಮಾನ್ಯವಾಗಿ ನೂರಾರು ಮೀಟರು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ತಾನಾಗಿ ಹರಿದುಹೋಗುವುದು. ಪೂರ್ಣ ಗಾತ್ರದ ಸೆನ್ಸಾರಿನ ಕ್ಯಾಮೆರಾಕ್ಕೆ 600 ಮಿಲಿಮೀಟರಿನ ಲೆನ್ಸನ್ನು ತೊಡಿಸಿ, ರಂಧ್ರವನ್ನು ಎಫ್ 6.3ಕ್ಕೆ ಇಟ್ಟುಕೊಂಡು 10 ಮೀಟರು ದೂರದ ಹಕ್ಕಿಯ ಚಿತ್ರ ತೆಗೆದರೆ, ಸ್ಫುಟವಾಗಿ ಕಾಣುವ ವಲಯದ ಆಳ ಸುಮಾರು 10 ಸೆಂಟಿಮೀಟರು ಮಾತ್ರ. ಕೊಕ್ಕಿನಿಂದ ಬಾಲದವರೆಗೂ ಅದು ಸಾಲದು. ಅದೇ ಲೆನ್ಸಿನಿಂದ 100 ಮೀಟರು ದೂರದ ರಾಜಹಂಸವನ್ನು ತೆಗೆದರೆ ಆ ಆಳ ಸುಮಾರು 10 ಮೀಟರಿಗೆ ಬೆಳೆಯುತ್ತದೆ. ಅಂದರೆ ಸಮೀಪದಲ್ಲಿ ಅಂಗೈ ಅಗಲದಷ್ಟು ತಪ್ಪಿದರೂ ಚಿತ್ರ ಕೆಡುವುದಾದರೆ, ದೂರದಲ್ಲಿ ಯಂತ್ರವು ನಾಲ್ಕಾರು ಮೀಟರು ತಪ್ಪಿದರೂ ಹಕ್ಕಿ ಸಾಕಷ್ಟು ಸ್ಫುಟವಾಗಿಯೇ ಕಾಣಬೇಕು. ಹೀಗಿದ್ದೂ ದೂರದ ಹಕ್ಕಿಯೇ ಹೆಚ್ಚು ಮಸುಕಾಗಿ ಮೂಡುತ್ತಿದ್ದರೆ, ಅದರ ಹೊಣೆಯನ್ನು ಫೋಕಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅದು ಗಾಳಿಯ ಕೆಲಸ.

ಬಿಸಿಲಿಗೆ ಕಾದ ನೆಲದ ಮೇಲಣ ಗಾಳಿ ಒಂದೊಂದು ಪದರದಲ್ಲಿ ಒಂದೊಂದು ಬಿಸಿಯುಳ್ಳದ್ದಾಗಿ ಮೇಲೇರುತ್ತಿರುವಾಗ, ಅದರ ಮೂಲಕ ಹಾಯ್ದು ಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಬರಿಗಣ್ಣಿಗೆ ಬಿಸಿಲ್ಗುದುರೆಯಾಗಿ ಕಾಣುವ ಈ ಕಂಪನವನ್ನು ಉದ್ದನೆಯ ಲೆನ್ಸು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಚಿತ್ರವು ಕರಗುವುದು ಒಂದು ಹಾನಿ. ಅಳೆಯಬೇಕಾದ ಕಿರುಬಿಂಬಗಳೇ ಅಲುಗುವುದರಿಂದ ಯಂತ್ರದ ಅಳತೆ ಪ್ರತಿಸಲವೂ ಬೇರೆಯಾಗಿ, ನಿಶ್ಚಲವಾಗಿ ನಿಂತ ಹಕ್ಕಿಯ ಮೇಲೂ ಫೋಕಸು ಹಿಂದುಮುಂದಾಗುವುದು ಇನ್ನೊಂದು ಹಾನಿ. ಎರೆಮಣ್ಣು ಕಪ್ಪಗಿರುವುದರಿಂದ ಬೇಗನೆ ಕಾಯುವುದೆಂಬುದನ್ನೂ, ಹತ್ತು ಗಂಟೆಯ ಬಳಿಕ ಇಲ್ಲಿ ತೆಗೆದ ದೂರದ ಚಿತ್ರಗಳಲ್ಲಿ ಸ್ಫುಟತೆಯನ್ನು ಅಪೇಕ್ಷಿಸುವುದು ವ್ಯರ್ಥವೆಂಬುದನ್ನೂ ಬೇಸಗೆಯಲ್ಲಿ ಬಂದವರು ನೆನಪಿಡಬೇಕು. ಚಳಿಗಾಲದ ಬೆಳಗಿನಲ್ಲಿ ಇದಕ್ಕೆ ವಿರುದ್ಧವಾದ ಒಂದು ಸೋಜಿಗ ಉಂಟು: ರಾತ್ರಿಯ ತಣ್ಣನೆಯ ಗಾಳಿಗಿಂತ ಹಿನ್ನೀರೇ ಬೆಚ್ಚಗಿರುವುದರಿಂದ, ಸೂರ್ಯೋದಯದ ಹೊತ್ತಿನಲ್ಲಿಯೂ ನೀರಿನ ಮೈ ಮೇಲೆ ಗಾಳಿ ನಡುಗುತ್ತಿರಬಹುದು; ಸ್ವಲ್ಪ ಹೊತ್ತು ಕಾದರೆ ಅದು ನೆಲೆಗೊಳ್ಳುತ್ತದೆ.

ಪರಿಹಾರವು ಸೆಟ್ಟಿಂಗಿನಲ್ಲಿಲ್ಲ, ನಿಲುವಿನಲ್ಲಿದೆ. ದೂರವನ್ನು ಕಡಿಮೆಮಾಡಿಕೊಳ್ಳಬೇಕು, ಅದು ಸಾಧ್ಯವಿಲ್ಲವಾದರೆ ಹಕ್ಕಿಯನ್ನು ಅದರ ಪರಿಸರದೊಡನೆ ಸಣ್ಣದಾಗಿ ತೆಗೆದು ತೃಪ್ತರಾಗಬೇಕು. ಡಾಂಬರು ರಸ್ತೆ, ಬಂಡೆ, ಈಗತಾನೆ ಓಡಿ ನಿಂತ ವಾಹನದ ಬಾನೆಟ್ಟು, ಇವುಗಳ ಮೇಲಿಂದ ಹಾಯುವಂತೆ ಲೆನ್ಸನ್ನು ಹಿಡಿಯಬಾರದು. ಕಾರಿನೊಳಗೆ ತಣ್ಣನೆಯ ಗಾಳಿ ಹಾಕಿಕೊಂಡು ಕಿಟಕಿಯನ್ನು ಇಳಿಸಿ ಚಿತ್ರ ತೆಗೆಯುವವರು, ಒಳಗಣ ತಂಪೂ ಹೊರಗಣ ಕಾವೂ ಸಂಧಿಸುವ ಜಾಗದಲ್ಲಿಯೇ ತಮ್ಮ ಲೆನ್ಸಿನ ಮೂತಿ ಇದೆಯೆಂಬುದನ್ನು ಮರೆತಿರುತ್ತಾರೆ. ತಂಪುಯಂತ್ರವನ್ನು ಮೊದಲೇ ನಿಲ್ಲಿಸಿ, ಲೆನ್ಸು ಹೊರಗಣ ಹವೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಅವಕಾಶ ಕೊಡುವುದು ಲೇಸು. ಕಂಪನ ಸ್ವಲ್ಪವೇ ಇದ್ದಾಗ, ಸಾಲಾಗಿ ಹಲವು ಚಿತ್ರಗಳನ್ನು ತೆಗೆದರೆ ಗಾಳಿ ಅರೆಗಳಿಗೆ ಸುಮ್ಮನಿದ್ದಾಗ ಮೂಡಿದ ಒಂದೆರಡು ದಕ್ಕುವುದುಂಟು.

ಹುನಗುಂದ ಮತ್ತು ಯಡಹಳ್ಳಿ: ಹುಲ್ಲು, ಬಣ್ಣ, ಓಟ

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಹಬ್ಬಿರುವ ಸುಮಾರು 96 ಚದರ ಕಿಲೋಮೀಟರು ವಿಸ್ತೀರ್ಣದ ಯಡಹಳ್ಳಿ ಅರಣ್ಯವನ್ನು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿಂಕಾರದ ಮೈಬಣ್ಣ ಒಣಹುಲ್ಲಿನ ಬಣ್ಣ. ಅದು ಕಾಲೂರಿ ನಿಂತಿರುವಾಗ ಬರಿಗಣ್ಣಿಗೇ ಮೋಸವಾಗುವುದಾದರೆ, ಅಂಚನ್ನು ಮಾತ್ರವೇ ಅಳೆಯಬಲ್ಲ ಯಂತ್ರವು ಅದರ ನುಣುಪಾದ ಪಕ್ಕೆಯನ್ನು ಬಿಟ್ಟು, ಅದಕ್ಕಿಂತ ಮುಂದೆ ಬಿಸಿಲಿಗೆ ಹೊಳೆಯುತ್ತಿರುವ ಹುಲ್ಲಿನ ಕಡ್ಡಿಯನ್ನು ಹಿಡಿದುಕೊಂಡರೆ ಅಚ್ಚರಿಯೇನು? ಹುನಗುಂದದ ಎರೆ ಬಯಲಿನಲ್ಲಿಯೂ ಇದೇ ಬಗೆ. ಬಿಳಿಜೋಳ ನಿಂತ ಹೊಲದಲ್ಲಿ ದಂಟಿನ ಸಂದಿನಿಂದ ಕಾಣುವ ನವಿಲಿಗಿಂತ ದಂಟೇ ಯಂತ್ರಕ್ಕೆ ಪ್ರಿಯ. ಕಡಲೆಯಂಥ ಗಿಡ್ಡ ಪೈರಿನ ಹೊಲದಲ್ಲಿ ಈ ಅಡ್ಡಿ ಇಲ್ಲ. ಜೋಳದ ಕಟಾವು ಮುಗಿದ ಮೇಲೆ ಉಳಿದ ಕೂಳೆಗಳ ಸಾಲು ಮಟ್ಟಸವಾದ ರೇಖೆಗಳಾಗಿ ಕಾಣುವುದರಿಂದ ಅದೂ ಯಂತ್ರವನ್ನು ಗಲಿಬಿಲಿಗೊಳಿಸುತ್ತದೆ. ಒಂದೇ ಮಾದರಿಯ ಆಕೃತಿಗಳು ಪುನರಾವರ್ತನೆಯಾಗುವೆಡೆ ಆಟೋಫೋಕಸ್ ತಪ್ಪಬಹುದೆಂದು ಕ್ಯಾಮೆರಾದ ಕೈಪಿಡಿಗಳೇ ಎಚ್ಚರಿಸುತ್ತವೆ.

ಇಂಥ ಎಡೆಗಳಲ್ಲಿ ಫೋಕಸಿನ ಚೌಕವನ್ನು ಕಿರಿದಾಗಿಸುವುದು ಮೊದಲ ಉಪಾಯ. ಅಗಲವಾದ ವಲಯವನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ಆ ವಲಯದಲ್ಲಿ ತನಗೆ ಅತ್ಯಂತ ಸಮೀಪವಿರುವ, ಅತ್ಯಂತ ಸ್ಪಷ್ಟವಾದ ಅಂಚನ್ನು ಆರಿಸಿಕೊಳ್ಳುವ ಸ್ವಭಾವದ್ದು. ಒಂದೇ ಬಿಂದುವನ್ನು ಆರಿಸಿಕೊಂಡು, ಅದನ್ನು ಕಣ್ಣಿನ ಮೇಲೆ, ಅದಾಗದಿದ್ದರೆ ಕತ್ತೂ ಎದೆಯೂ ಕೂಡುವೆಡೆ ನೆರಳುಬೆಳಕಿನ ಗೆರೆಯ ಮೇಲೆ ಇರಿಸಬೇಕು. ಕಣ್ಣನ್ನು ಗುರುತಿಸುವ ಹೊಸ ಕ್ಯಾಮೆರಾಗಳೂ ಹುಲ್ಲಿನ ಮರೆಯಲ್ಲಿ ಕಣ್ಣು ಕಾಣದಾದಾಗ ಕಡ್ಡಿಯ ಕಡೆಗೆ ಹೊರಳುವುದರಿಂದ, ಕಣ್ಣಿನ ಶೋಧಕ್ಕೆ ಒಂದು ಗುಂಡಿ, ಒಂಟಿ ಬಿಂದುವಿಗೆ ಮತ್ತೊಂದು ಗುಂಡಿ ಎಂದು ನಿಯಮಿಸಿಕೊಂಡು, ಬೆರಳಿನ ಒಂದು ಚಲನೆಯಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅಭ್ಯಾಸ ಮಾಡಿಕೊಂಡವರು ಅರ್ಧ ಗೆದ್ದಂತೆ.

ಓಡುವ ಪ್ರಾಣಿಯ ಸಂಗತಿ ಬೇರೆ. ಎರೆಸೀಮೆಯ ಬಯಲುಗಳಲ್ಲಿ ಅಲ್ಲಲ್ಲಿ ಕಾಣಸಿಗುವ ಕೃಷ್ಣಮೃಗ, ನಮ್ಮ ಜನರ ಮಾತಿನಲ್ಲಿ ಚಿಗರಿ, ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾದ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು ಒಂದು ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಅದು ಕ್ಯಾಮೆರಾದ ಕಡೆಗೇ ಓಡಿಬರುತ್ತಿದ್ದರೆ ಆ ಒಂದು ಮೀಟರನ್ನೂ ಯಂತ್ರವು ಮುಂಗಂಡು ಲೆನ್ಸನ್ನು ಸರಿಸಬೇಕು. ಅಡ್ಡಲಾಗಿ ಓಡುತ್ತಿದ್ದರೆ ದೂರ ಅಷ್ಟಾಗಿ ಬದಲಾಗದು. ಆದುದರಿಂದ ನಿಲ್ಲುವ ಜಾಗವನ್ನು ಆರಿಸುವಾಗಲೇ ಪ್ರಾಣಿಯ ಹಾದಿ ತನಗೆ ಅಡ್ಡವಾಗುವಂತೆ ನೋಡಿಕೊಳ್ಳುವುದು ಯಾವ ಸೆಟ್ಟಿಂಗಿಗಿಂತಲೂ ಮೇಲಾದ ಉಪಾಯ.

ಸೆಟ್ಟಿಂಗುಗಳಲ್ಲಿ ನೋಡಬೇಕಾದುವು ಮೂರು. ಮೊದಲನೆಯದಾಗಿ, ಫೋಕಸನ್ನು ಒಮ್ಮೆ ಹಿಡಿದು ನಿಲ್ಲಿಸುವ ಒನ್-ಷಾಟ್ ಅಥವಾ ಎಎಫ್-ಎಸ್ ಕ್ರಮವನ್ನು ಬಿಟ್ಟು, ಎಡೆಬಿಡದೆ ಬೆಂಬತ್ತುವ ಸರ್ವೋ ಅಥವಾ ಎಎಫ್-ಸಿ ಕ್ರಮಕ್ಕೆ ತಿರುಗಿಸಿರಬೇಕು. ಎರಡನೆಯದು, ಈ ಕ್ರಮದಲ್ಲಿ ಹಲವು ಕ್ಯಾಮೆರಾಗಳು ಫೋಕಸು ಸಿಕ್ಕಿದೆಯೋ ಇಲ್ಲವೋ ನೋಡದೆ, ಗುಂಡಿ ಒತ್ತಿದೊಡನೆ ಚಿತ್ರ ತೆಗೆಯುವಂತೆ ಕಾರ್ಖಾನೆಯಲ್ಲಿಯೇ ಹೊಂದಿಸಲ್ಪಟ್ಟಿರುತ್ತವೆ. ಸಾಲಿನ ಮೊದಲ ಚಿತ್ರಗಳೇ ಸದಾ ಕೆಡುತ್ತಿದ್ದರೆ ಈ ಆದ್ಯತೆಯನ್ನು ಫೋಕಸಿನ ಕಡೆಗೆ ಬದಲಿಸಬೇಕು, ಇಲ್ಲವೇ ಹೆಬ್ಬೆರಳಿನ ಗುಂಡಿಯಿಂದ ಅರೆಕ್ಷಣ ಮುಂಚಿತವಾಗಿ ಫೋಕಸನ್ನು ಚಾಲೂ ಮಾಡಿ ಆಮೇಲೆ ಷಟರನ್ನು ಒತ್ತಬೇಕು. ಮೂರನೆಯದು, ಬೆಂಬತ್ತುವಿಕೆಯ ಸೂಕ್ಷ್ಮತೆ. ಪ್ರಾಣಿಯ ಮುಂದೆ ಜೋಳದ ದಂಟೊಂದು ಹಾದುಹೋದಾಗ ಯಂತ್ರವು ಹಳೆಯದನ್ನೇ ಹಿಡಿದುಕೊಂಡಿರಬೇಕೋ ಹೊಸದಕ್ಕೆ ಜಿಗಿಯಬೇಕೋ ಎಂಬುದನ್ನು ಇದು ನಿರ್ಧರಿಸುತ್ತದೆ. ಹೊಲಗಳ ನಡುವೆ ಓಡುವ ಚಿಗರಿಗೆ ಜಿಗಿತವನ್ನು ತಡೆಹಿಡಿಯುವ ಸೆಟ್ಟಿಂಗು ಒಳ್ಳೆಯದು. ಐಹೊಳೆಯ ಬಳಿ ಮಲಪ್ರಭೆಯ ಮೇಲೆ ಎಲ್ಲಿಂದಲೋ ತಟ್ಟನೆ ಹಾರಿಬರುವ ಮಿಂಚುಳ್ಳಿಗೆ ತಕ್ಷಣ ಜಿಗಿಯುವ ಸೆಟ್ಟಿಂಗು ಒಳ್ಳೆಯದು. ಒಂದರ ಸೆಟ್ಟಿಂಗನ್ನು ಇನ್ನೊಂದಕ್ಕೆ ಉಳಿಸಿಕೊಂಡು ಬಂದವರೇ "ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿದೆ" ಎನ್ನುವುದು.

ಬಾದಾಮಿ: ಅಡ್ಡಗೆರೆಯ ಬಂಡೆ

ಅಗಸ್ತ್ಯತೀರ್ಥದ ಸುತ್ತ ಕೋಟೆಯಂತೆ ಎದ್ದು ನಿಂತಿರುವ ಬಾದಾಮಿಯ ಬೆಟ್ಟಗಳಲ್ಲಿ, 578ರ ಶಾಸನವುಳ್ಳ ಮೂರನೆಯ ಗುಹಾಲಯವನ್ನು ಕೊರೆದ ಚಾಲುಕ್ಯರ ಶಿಲ್ಪಿಗಳಿಗೆ ಅನುಕೂಲವಾಗಿದ್ದ ಆ ಮರಳುಗಲ್ಲು, ಆಟೋಫೋಕಸಿಗೆ ಮಾತ್ರ ಅಷ್ಟು ಅನುಕೂಲವಾದುದಲ್ಲ. ಮರಳು ಪದರಪದರವಾಗಿ ಕೂಡಿ ಕಲ್ಲಾದುದರಿಂದ ಬಂಡೆಯ ಮುಖದ ತುಂಬ ಅಡ್ಡಗೆರೆಗಳೇ ಓಡುತ್ತವೆ. ಹಲವು ಮಿರರ್‌ಲೆಸ್ ಮಾದರಿಗಳ ಸೆನ್ಸಾರಿನಲ್ಲಿ ಎಡಬಲಗಳ ಅಂತರವನ್ನು ಮಾತ್ರ ಅಳೆಯುವ ವ್ಯವಸ್ಥೆಯಿರುವುದರಿಂದ, ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದಾಗ ಅವುಗಳಿಗೆ ನಿಂತ ಗೆರೆಗಳು ಸುಲಭವಾಗಿ ಸಿಗುವುವು, ಮಲಗಿದ ಗೆರೆಗಳು ಸಿಗವು. ಬಂಡೆಯ ಚಾಚಿನ ಮೇಲೆ ಕುಳಿತ ಹಕ್ಕಿಯ ಕಡೆಗೆ ಗುರಿಯಿಟ್ಟಾಗ ಲೆನ್ಸು ಮುಂದಕ್ಕೂ ಹಿಂದಕ್ಕೂ ಓಡಾಡಿ ಸೋತು ನಿಲ್ಲುತ್ತಿದ್ದರೆ, ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿಸಿಯೋ ಉದ್ದುದ್ದವಾಗಿ ತಿರುಗಿಸಿಯೋ ಫೋಕಸು ಹಿಡಿದು, ಅನಂತರ ಮೊದಲಿನ ನಿಲುವಿಗೆ ಮರಳಿಸಿ ಚಿತ್ರ ತೆಗೆಯಬಹುದು. ಈ ಸಣ್ಣ ಉಪಾಯದಿಂದ ನಿವಾರಣೆಯಾಗುವ ದೋಷವನ್ನು ಯಂತ್ರದ ಕೆಡುಕೆಂದು ಭಾವಿಸುವವರು ಬಹಳ ಮಂದಿ.

ಬಂಡೆಯ ಸಂದುಗಳಲ್ಲಿ ಗೂಡುಕಟ್ಟುವ ಕವಲುತೋಕೆ, ಬಾನಾಡಿಗಳಂಥ ಚುರುಕಿನ ಹಕ್ಕಿಗಳು ಬಂಡೆಯ ಎದುರಿನಲ್ಲಿ ಹಾರುವಾಗ, ಹಿಂದಣ ಬಂಡೆಯ ಒರಟು ಮೈ ಹಕ್ಕಿಗಿಂತ ದೊಡ್ಡದಾಗಿಯೂ ಸ್ಪಷ್ಟವಾಗಿಯೂ ಇರುವುದರಿಂದ ಯಂತ್ರವು ಬಂಡೆಯನ್ನೇ ಹಿಡಿಯುತ್ತದೆ. ಅದೇ ಹಕ್ಕಿ ಆಕಾಶದ ಎದುರಿಗೆ ಬಂದಾಗ ಹಿಡಿಯಲು ಬೇರೇನೂ ಇಲ್ಲದಿರುವುದರಿಂದ ಕೆಲಸ ಸುಲಭ. ಹಕ್ಕಿಯ ಸುತ್ತಾಟದ ದಾರಿಯನ್ನು ಕೆಲಹೊತ್ತು ಗಮನಿಸಿ, ಅದು ಆಕಾಶದ ಅಂಚಿಗೆ ಬರುವಲ್ಲಿ ಫೋಕಸು ಹಿಡಿದು ಬೆಂಬತ್ತತೊಡಗಬೇಕು. ಲೆನ್ಸು ತೀರ ಹತ್ತಿರಕ್ಕೆ ಸರಿದು ನಿಂತಿದ್ದರೆ ಎದುರಿನದೆಲ್ಲವೂ ಕಲಸಿಹೋಗಿ ಯಂತ್ರಕ್ಕೆ ಹಕ್ಕಿಯ ಸುಳಿವೇ ಸಿಗದು. ಆಗ ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸಿ ಸುಮಾರು ದೂರಕ್ಕೆ ತಂದುಕೊಟ್ಟರೆ ಉಳಿದುದನ್ನು ಯಂತ್ರ ನೋಡಿಕೊಳ್ಳುತ್ತದೆ. ಸಮೀಪದ ದೂರಗಳನ್ನು ಹುಡುಕದಂತೆ ಕಟ್ಟುಮಾಡುವ ಲಿಮಿಟರ್ ಎಂಬ ಸ್ವಿಚ್ಚು ಉದ್ದನೆಯ ಲೆನ್ಸುಗಳಲ್ಲಿ ಇದಕ್ಕಾಗಿಯೇ ಇರುವುದು. ಆದರೆ ಅದನ್ನು ಹಾಕಿಟ್ಟು ಮರೆತು, ಮೆಟ್ಟಿಲ ಮೇಲೆ ಎದುರಿಗೇ ಬಂದು ಕುಳಿತ ಮಂಗದ ಮೇಲೆ ಫೋಕಸು ಹಿಡಿಯುತ್ತಿಲ್ಲವೆಂದು ಕಂಗಾಲಾಗಬಾರದು. ಸಮೀಪದ ಮಂಗದ ಮುಖ ತೆಗೆಯುವಾಗ ಮೂತಿಗೂ ಕಣ್ಣಿಗೂ ನಡುವಣ ಅಂತರವೇ ಸ್ಫುಟವಲಯವನ್ನು ಮೀರಬಹುದಾದುದರಿಂದ ರಂಧ್ರವನ್ನು ಎಫ್ 8ಕ್ಕೆ ಕಿರಿದಾಗಿಸುವುದು ಕ್ಷೇಮ. ಬಾದಾಮಿಯ ಮಂಗಗಳ ಎದುರಿನಲ್ಲಿ ಕೈಚೀಲವನ್ನು ಬಾಯಿ ಕಟ್ಟಿ ಇಟ್ಟುಕೊಳ್ಳುವುದು ಇನ್ನೂ ಕ್ಷೇಮ.

ಇಳಕಲ್ಲು: ಮಬ್ಬುಬೆಳಕು, ಕಲ್ಲಿನ ಧೂಳು, ಮನೆಯ ಪರೀಕ್ಷೆ

ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲಿನ ಸುತ್ತ, ಕೆಲಸ ನಿಂತ ಹಳೆಯ ಕಲ್ಲುಗಣಿಗಳ ಕಡಿದಾದ ಗೋಡೆಗಳು ಕೊಂಬಿನ ಗೂಗೆಯಂಥ ಹಕ್ಕಿಗಳಿಗೆ ಒಪ್ಪುವಂಥವು. ಗೂಗೆ ಹೊರಬರುವುದು ಸಂಜೆ ಮಬ್ಬಾದಾಗ. ಆಗ ಬೆಳಕಿನ ಅಭಾವವೇ ಫೋಕಸಿಗೆ ಅಡ್ಡಿ. ಇದರ ಮೇಲೆ ಟೆಲಿಕನ್ವರ್ಟರನ್ನು ತೊಡಿಸಿದರೆ ತೊಂದರೆ ಇಮ್ಮಡಿಸುತ್ತದೆ: 1.4 ಪಟ್ಟಿನದು ಒಂದು ಸ್ಟಾಪಿನಷ್ಟು ಬೆಳಕನ್ನೂ, 2 ಪಟ್ಟಿನದು ಎರಡು ಸ್ಟಾಪಿನಷ್ಟನ್ನೂ ಕಳೆಯುವುದರಿಂದ ಎಫ್ 5.6ರ ಲೆನ್ಸು ಕ್ರಮವಾಗಿ ಎಫ್ 8 ಮತ್ತು ಎಫ್ 11 ಆಗುತ್ತದೆ. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಬಹುಪಾಲಿನವು ಎಫ್ 5.6ರ ತನಕ, ಅನಂತರದ ಕೆಲವು ಎಫ್ 8ರ ತನಕ ಮಾತ್ರ ಫೋಕಸು ಮಾಡಬಲ್ಲವು. ಕನ್ವರ್ಟರನ್ನು ಕಳಚಿ, ನಡುವಿನ ಬಿಂದುವನ್ನು ಬಳಸಿ, ಗೂಗೆಯ ಕಣ್ಣಿನ ಬದಲು ಅದು ಕುಳಿತ ಕಲ್ಲಿನ ಅಂಚಿಗೆ ಫೋಕಸು ಹಿಡಿಯುವುದು ಯುಕ್ತ. ಗೂಡಿನ ಸಮೀಪಕ್ಕೆ ಹೋಗುವುದೂ, ಫ್ಲ್ಯಾಷಿನ ಬೆಳಕು ಹಾಯಿಸುವುದೂ ತಕ್ಕ ನಡತೆಯಲ್ಲ.

ಮೇಲಿನ ಕಾರಣಗಳೆಲ್ಲವನ್ನೂ ತಳ್ಳಿಹಾಕಿದ ಮೇಲೆ ಮಾತ್ರ ಉಪಕರಣವನ್ನು ಶಂಕಿಸತಕ್ಕದ್ದು. ಕಲ್ಲು ಕೊಯ್ಯುವ ಊರುಗಳ ನಯವಾದ ಧೂಳು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವಣ ಹಿತ್ತಾಳೆಬಣ್ಣದ ಸಂಪರ್ಕ ಬಿಂದುಗಳ ಮೇಲೆ ಕುಳಿತರೆ ಸಂದೇಶ ಅಲ್ಲಲ್ಲಿ ಕಡಿದುಹೋಗಿ ಫೋಕಸು ತಡವರಿಸಬಹುದು. ಕ್ಯಾಮೆರಾವನ್ನು ಆಫ್ ಮಾಡಿ, ಒಣಗಿದ ಮೆತ್ತನೆಯ ಬಟ್ಟೆಯಿಂದ ಅವನ್ನು ಒರೆಸಬೇಕು. ಲೆನ್ಸಿನ ಮುಂದೆ ರಕ್ಷಣೆಗೆಂದು ಹಾಕಿದ ಅಗ್ಗದ ಫಿಲ್ಟರನ್ನು ತೆಗೆದು ನೋಡಬೇಕು. ಬೇರೆ ಕಂಪನಿಯ ಲೆನ್ಸಾದರೆ ಅದರ ಫರ್ಮ್‌ವೇರ್ ಕ್ಯಾಮೆರಾಕ್ಕೆ ಹೊಂದುವ ಹೊಸ ಆವೃತ್ತಿಯದೇ ಎಂದು ವಿಚಾರಿಸಬೇಕು. ಅಲುಗಾಟ ತಡೆಯುವ ಸ್ಟೆಬಿಲೈಸರ್ ಚಾಲೂ ಆದ ಮೊದಲ ಕ್ಷಣದಲ್ಲಿ ಬಿಂಬವು ತುಸು ಜಿಗಿಯುವುದರಿಂದ ಅದು ನೆಲೆಗೊಂಡ ಮೇಲೆ ಷಟರ್ ಒತ್ತಬೇಕು. ಹಳೆಯ ಲೆನ್ಸುಗಳನ್ನು ತ್ರಿಪಾದಿಯ ಮೇಲೆ ಇಟ್ಟಾಗ ಸ್ಟೆಬಿಲೈಸರನ್ನು ನಿಲ್ಲಿಸಿಡುವುದು ವಾಡಿಕೆ. ಕಣ್ಣಿಟ್ಟು ನೋಡುವ ಗವಾಕ್ಷಿಯ ಡಯಾಪ್ಟರ್ ತಿರುಗಿಹೋಗಿದ್ದರೆ ಸ್ಫುಟವಾದುದೂ ಮಸುಕಾಗಿ ಕಂಡು ಮೋಸಹೋಗುವುದುಂಟು.

ಮನೆಯಲ್ಲಿ ಮಾಡುವ ಪರೀಕ್ಷೆಗೆ ಗುರಿಯಾಗಿ ಇಳಕಲ್ ಸೀರೆಯ ಚೌಕುಳಿಯನ್ನೋ ಗುಳೇದಗುಡ್ಡದ ಖಣವನ್ನೋ ಗೋಡೆಗೆ ತೂಗಿಹಾಕುವ ಆಸೆಯಾಗಬಹುದು. ಆದರೆ ಆ ನೇಯ್ಗೆಯ ಸೊಗಸೇ ಸಮನಾದ ಮಾದರಿಯ ಪುನರಾವರ್ತನೆಯಲ್ಲಿರುವುದರಿಂದ ಯಂತ್ರವು ಒಂದು ಚೌಕುಳಿಯನ್ನು ಇನ್ನೊಂದೆಂದು ಭ್ರಮಿಸಬಹುದು. ಅದಕ್ಕಿಂತ, ದಪ್ಪ ಅಕ್ಷರಗಳೂ ಸಣ್ಣ ಅಕ್ಷರಗಳೂ ಬೆರೆತ ವೃತ್ತಪತ್ರಿಕೆಯ ಹಾಳೆಯೇ ಉತ್ತಮ. ಬೆಳಗಿನ ತಂಪಿನಲ್ಲಿ, ಲೆನ್ಸಿನ ನಾಭಿದೂರದ 25ರಿಂದ 50 ಪಟ್ಟು ದೂರದಲ್ಲಿ, ಎಂದರೆ 500 ಮಿಲಿಮೀಟರಿನದಾದರೆ ಹನ್ನೆರಡೂವರೆಯಿಂದ ಇಪ್ಪತ್ತೈದು ಮೀಟರಿನಲ್ಲಿ, ಹಾಳೆಯನ್ನು ನೇರವಾಗಿ ಅಂಟಿಸಿ, ಪಕ್ಕದಲ್ಲಿ ಓರೆಯಾಗಿ ಒಂದು ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ತ್ರಿಪಾದಿಯ ಮೇಲೆ ನಿಲ್ಲಿಸಬೇಕು. ಪ್ರತಿ ಚಿತ್ರಕ್ಕೂ ಮೊದಲು ಲೆನ್ಸನ್ನು ಒಮ್ಮೆ ತೀರ ಹತ್ತಿರಕ್ಕೂ ಮತ್ತೊಮ್ಮೆ ಅನಂತಕ್ಕೂ ತಿರುಗಿಸಿಟ್ಟು, ಯಂತ್ರವೇ ಫೋಕಸು ಹಿಡಿಯುವಂತೆ ಮಾಡಿ ಹತ್ತಾರು ಚಿತ್ರಗಳನ್ನು ತೆಗೆದು, ಲೈವ್ ವ್ಯೂನಲ್ಲಿ ಹಿಗ್ಗಿಸಿ ಕೈಯಿಂದ ಹೊಂದಿಸಿದ ಒಂದು ಚಿತ್ರದೊಡನೆ ಹೋಲಿಸಬೇಕು.

ಎಲ್ಲವೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ, ಎಸ್‌ಎಲ್‌ಆರ್‌ಗಳಲ್ಲಿರುವ ಸೂಕ್ಷ್ಮ ಹೊಂದಾಣಿಕೆಯ ಪಟ್ಟಿಯಲ್ಲಿ, ಅದು ಬಹುತೇಕ ಸೊನ್ನೆಯ ಎರಡೂ ಕಡೆಗೆ 20 ಮೆಟ್ಟಿಲುಳ್ಳದ್ದು, ಬೇಕಾದಷ್ಟು ಸರಿಸಿಕೊಳ್ಳಬಹುದು. ಸೆನ್ಸಾರಿನ ಮೇಲೆಯೇ ಅಳೆಯುವ ಮಿರರ್‌ಲೆಸ್‌ಗಳಿಗೆ ಇದರ ಅಗತ್ಯ ವಿರಳ. ಚಿತ್ರಗಳು ಹಿಂದಕ್ಕೂ ಮುಂದಕ್ಕೂ ಚೆದುರಿದ್ದರೆ ಮಾತ್ರ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ. ಅದು ನಿಜವಾದ ಯಾಂತ್ರಿಕ ದೋಷವಿದ್ದೀತು. ಅಂಥದು ಅಪರೂಪವಾದರೂ ಇಲ್ಲದಿಲ್ಲ: 2007ರಲ್ಲಿ ಬಂದ ಕ್ಯಾನನಿನ ಇಒಎಸ್-1ಡಿ ಮಾರ್ಕ್ 3 ಎಂಬ ವೃತ್ತಿಪರರ ಕ್ಯಾಮೆರಾದಲ್ಲಿ ಓಡುವ ವಸ್ತುಗಳ ಮೇಲೆ ಫೋಕಸು ನಿಲ್ಲದೆ ದೊಡ್ಡ ದೂರೆದ್ದು, ಕಂಪನಿಯು ಅದರ ಉಪಕನ್ನಡಿಯನ್ನು ಉಚಿತವಾಗಿ ಸರಿಪಡಿಸಿಕೊಡಬೇಕಾಯಿತು.

ಕೈಫೋಕಸು ಮತ್ತು ತಪಾಸಣೆಯ ಸರಣಿ

ಸಂಡೂರಿನ ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಕೀರ್ತಿ ತಂದ ಕಾಲದಲ್ಲಿ ಲೆನ್ಸಿನ ಬಳೆಯನ್ನು ತಿರುಗಿಸುತ್ತಿದ್ದುದು ಕೈಯೇ. ಪ್ರಾಣಿಯನ್ನು ಅಟ್ಟಿಕೊಂಡು ಹೋಗುವುದರ ಬದಲು, ಅದು ಬಂದು ಕೂರುವ ಕಲ್ಲಿಗೋ ಕೊಂಬೆಗೋ ಮೊದಲೇ ಫೋಕಸು ಹೊಂದಿಸಿಟ್ಟು ಕಾಯುವುದು ಆ ಕಾಲದ ಸಾಮಾನ್ಯ ಕ್ರಮ. ಮಿಂಚುಳ್ಳಿ ಒಂದೇ ಗೂಟಕ್ಕೆ ಮರಳುತ್ತದೆ, ನೀಲಕಂಠ ಒಂದೇ ತಂತಿಗೆ ಮರಳುತ್ತದೆ. ಆಟೋಫೋಕಸು ಸೋಲುವೆಡೆಗಳಲ್ಲಿ ಆ ಕ್ರಮ ಇಂದಿಗೂ ಗೆಲ್ಲುತ್ತದೆ. ಹತ್ತಿರ ಹೋದಷ್ಟೂ ಫೋಕಸು ಸುಲಭವೆಂದು ಪ್ರಾಣಿಯನ್ನು ಬೆದರಿಸುವುದಕ್ಕೆ ಹೊರಡಬಾರದು. ಚಿಂಕಾರ, ಕೃಷ್ಣಮೃಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು, ವನ್ಯಜೀವಿಧಾಮದೊಳಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶಿಸಲಾಗದು.

ಇನ್ನು ತಪಾಸಣೆಯನ್ನು ಈ ಸರಣಿಯಲ್ಲಿ ನಡೆಸುವುದು ಯುಕ್ತ. ಹಣ ಖರ್ಚಾಗದ ಹೆಜ್ಜೆಗಳು ಮೊದಲು, ಖರ್ಚಾಗುವ ಹೆಜ್ಜೆ ಕೊನೆಗೆ.

1. ಮಸುಕಾದ ಚಿತ್ರದಲ್ಲಿ ಬೇರೆಲ್ಲಿಯಾದರೂ ಸ್ಫುಟತೆಯಿದೆಯೇ ನೋಡಿ.
2. ಎಲ್ಲಿಯೂ ಇಲ್ಲವಾದರೆ ಹೊತ್ತು, ದೂರ, ಷಟರಿನ ವೇಗ ಈ ಮೂರನ್ನು ವಿಚಾರಿಸಿ. ಹಾರುವ ಹಕ್ಕಿಗೆ ಸೆಕೆಂಡಿನ 2000ನೆಯ ಒಂದು ಭಾಗದಷ್ಟಾದರೂ ವೇಗವಿರಲಿ.
3. ಹುಲ್ಲೋ ಕಲ್ಲೋ ಸ್ಫುಟವಾಗಿದ್ದರೆ ಫೋಕಸಿನ ಚೌಕವನ್ನು ಕಿರಿದಾಗಿಸಿ.
4. ಸಾಲಿನ ಮೊದಲ ಚಿತ್ರಗಳು ಕೆಡುತ್ತಿದ್ದರೆ ಆದ್ಯತೆಯನ್ನು, ನಡುವಿನವು ಕೆಡುತ್ತಿದ್ದರೆ ಬೆಂಬತ್ತುವಿಕೆಯ ಸೂಕ್ಷ್ಮತೆಯನ್ನು ಬದಲಿಸಿ.
5. ಲಿಮಿಟರ್, ಸ್ಟೆಬಿಲೈಸರ್, ಕನ್ವರ್ಟರ್, ಫಿಲ್ಟರ್, ಸಂಪರ್ಕ ಬಿಂದುಗಳನ್ನು ಒಂದೊಂದಾಗಿ ಪರಿಶೀಲಿಸಿ. ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.
6. ವೃತ್ತಪತ್ರಿಕೆಯ ಪರೀಕ್ಷೆ ಮಾಡಿ. ಸಾಧ್ಯವಾದರೆ ಸ್ನೇಹಿತರ ಕ್ಯಾಮೆರಾಕ್ಕೆ ನಿಮ್ಮ ಲೆನ್ಸನ್ನೂ, ನಿಮ್ಮ ಕ್ಯಾಮೆರಾಕ್ಕೆ ಅವರ ಲೆನ್ಸನ್ನೂ ತೊಡಿಸಿ ನೋಡಿ; ದೋಷ ಯಾವುದರ ಜೊತೆಗೆ ಹೋಗುತ್ತದೋ ಅದೇ ದೋಷಿ.

ಇಷ್ಟಾದ ಮೇಲೂ ಚಿತ್ರಗಳು ಚೆದುರುತ್ತಿದ್ದರೆ ದುರಸ್ತಿ ಕೇಂದ್ರಕ್ಕೆ ಕ್ಯಾಮೆರಾವನ್ನೂ ಲೆನ್ಸನ್ನೂ ಜೊತೆಯಾಗಿಯೇ ಒಯ್ಯಬೇಕು, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ. ಪರೀಕ್ಷೆಯ ಮೂಲ ಕಡತಗಳನ್ನು ಯಾವ ಬದಲಾವಣೆಯನ್ನೂ ಮಾಡದೆ ಜೊತೆಗೆ ಕೊಡುವುದು ಮುಖ್ಯ. ಫೋಕಸಿನ ಬಿಂದು, ರಂಧ್ರ, ಷಟರಿನ ವೇಗ ಎಲ್ಲವೂ ಅವುಗಳೊಳಗೆ ದಾಖಲಾಗಿರುವುದರಿಂದ, "ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ" ಎಂಬ ಬಾಯಿಮಾತಿನ ದೂರಿಗೆ "ನಮ್ಮಲ್ಲಿ ಸರಿಯಾಗಿಯೇ ಇದೆ" ಎಂಬ ಉತ್ತರ ಬಂದು ಅಲ್ಲಿಗೇ ಮುಗಿದುಹೋಗುವ ಮಾತು, ಕಡತಗಳನ್ನು ಮುಂದಿಟ್ಟಾಗ ದುರಸ್ತಿಯ ಮೇಜಿನವರೆಗೂ ಮುಟ್ಟುತ್ತದೆ.